ರಾಜನ ಜಿಗಿತ

ಆರನೆಯ ನಡೆಯ ಹೊತ್ತಿಗೆ ಯಲ್ಲೇಶನಿಗೆ ನಾಲ್ಕನೆಯ ಸಾಲಿನ ತುದಿಯಲ್ಲಿ ಕೂತ ಮುದುಕನ ಗುರುತು ಹತ್ತಿತು. ಹತ್ತಬಾರದಿತ್ತು. ಆಡುವಾಗ ಸಭೆಯ ಕಡೆ ಕಣ್ಣು ಹಾಯಿಸುವ ಚಟ ಅವನಿಗೆ ಎಂದೂ ಇರಲಿಲ್ಲ. ಆದರೆ ಇವತ್ತು ದಿಟ್ಟಿಸಿ ನೋಡಲು ಎದುರಿಗೆ ಎದುರಾಳಿಯ ಮುಖವೇ ಇರಲಿಲ್ಲ. ಎದುರಿನ ಕುರ್ಚಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದವರು ಪೂನಮ್ ಮೇಡಂ, ಈ ಇಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕಿ, ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಈ ಚೆಸ್ ಪ್ರೋಗ್ರಾಮನ್ನು ಮಾಡಿದವರು. ಅವನು ಹಲಗೆಯ ಮೇಲೆ ಮಾಡಿದ ನಡೆಯನ್ನು ಲ್ಯಾಪ್‌ಟಾಪಿಗೆ ಹೇಳುವುದು, ಲ್ಯಾಪ್‌ಟಾಪು ಹೇಳಿದ ನಡೆಯನ್ನು ಹಲಗೆಯ ಮೇಲೆ ಮಾಡಿ ತೋರಿಸುವುದು, ಇಷ್ಟು ಅವರ ಕೆಲಸ. ಅವರ ಮುಖದಲ್ಲಿ ಭಯವಿಲ್ಲ, ಆಸೆಯಿಲ್ಲ, ಬೆವರಿಲ್ಲ. ಮನುಷ್ಯನ ಜೊತೆ ಆಡುವಾಗ ಅರ್ಧ ಆಟವನ್ನು ಅವನು ಎದುರಿನವನ ಕಿವಿಯ ಬಣ್ಣ ನೋಡಿಯೇ ಆಡುತ್ತಿದ್ದ. ಇಲ್ಲಿ ಓದಲು ಏನೂ ಸಿಗದೆ ಕಣ್ಣು ಬೇಸರದಿಂದ ಸಭೆಯ ಕಡೆ ಜಾರಿ ಹೋಯಿತು, ಮುದುಕನ ಬಿಳಿ ಟೊಪ್ಪಿಗೆಯ ಮೇಲೆ ಹೋಗಿ ನಿಂತಿತು.

ಅಬ್ದುಲಗನಿ. ಗನಿ ಕಾಕಾ. ಇದೇ ಹುಬ್ಬಳ್ಳಿಯ ಕಮರಿಪೇಟೆಯ ಗಾದಿ ಅಂಗಡಿಯ ಗನಿ ಕಾಕಾ. ಏಳನೆಯ ವಯಸ್ಸಿನಿಂದ ಹದಿನೈದರವರೆಗೆ, ಸಾಲೆ ಬಿಟ್ಟ ಕೂಡಲೇ ಹೋಗಿ, ಹಿಂಜಿದ ಹತ್ತಿಯ ರಾಶಿಯ ಪಕ್ಕ ಕೂತು ಯಲ್ಲೇಶ ಈ ಆಟವನ್ನು ಕಲಿತದ್ದು ಇವನಿಂದ. ಬೇರೆ ಯಾರಿಂದಲೂ ಅಲ್ಲ. ಮತ್ತು ಗ್ರ್ಯಾಂಡ್‌ಮಾಸ್ಟರ್ ಆದ ಮೇಲೆ, ಆಗುವ ಮೊದಲು ಕೂಡ, ಪತ್ರಿಕೆಯವರಿಗೆ, ಟಿವಿಯವರಿಗೆ, ಸನ್ಮಾನದ ಸಭೆಗಳಿಗೆ, 'ನಿಮ್ಮ ಗುರು ಯಾರು' ಎಂಬ ಪ್ರಶ್ನೆಗೆ ಒಂದೇ ಒಂದು ಸಲವೂ ಅವನು ಈ ಹೆಸರು ಹೇಳಿರಲಿಲ್ಲ. ಸಾಲೆಯ ಗ್ರಂಥಾಲಯದಲ್ಲಿ ಪುಸ್ತಕ ಓದಿ ಕಲಿತೆ, ಆಮೇಲೆ ಬೆಂಗಳೂರಿನ ಕೋಚ್ ತಿದ್ದಿದರು ಎಂದು ಹೇಳುತ್ತಿದ್ದ. ಹೇಳಿ ಹೇಳಿ ಆ ಗ್ರಂಥಾಲಯದ ಕಿಟಕಿ, ಕಪಾಟು, ಧೂಳು ಎಲ್ಲ ಅವನಿಗೇ ನಿಜವಾಗಿ ಕಾಣತೊಡಗಿದ್ದವು. ಇವತ್ತು ಆಟ ಮುಗಿದ ಮೇಲೆ ಪ್ರಶ್ನೋತ್ತರ ಇದೆ. ಆ ಪ್ರಶ್ನೆ ಬಂದೇ ಬರುತ್ತದೆ. ಹೇಳುವವನು ಮೈಕಿನ ಮುಂದೆ, ಕೇಳುವವನು ನಾಲ್ಕನೆಯ ಸಾಲಿನಲ್ಲಿ. ಅವನು ಏಳನೆಯ ನಡೆಗೆ ನಾಲ್ಕು ನಿಮಿಷ ತೆಗೆದುಕೊಂಡ. ಪರದೆಯ ಮೇಲೆ ಅವನ ಗಡಿಯಾರ ಓಡುವುದು ಇಡೀ ಸಭೆಗೆ ಕಾಣುತ್ತಿತ್ತು. ಭಾನುವಾರದ ಬೆಳಿಗ್ಗೆ ಹನ್ನೊಂದಕ್ಕೆ ಇಷ್ಟು ಜನ ಏಕೆ ಬಂದರು ಎಂದು ಅವನಿಗೆ ಸಿಟ್ಟು ಬಂತು.

ಪ್ರೋಗ್ರಾಮಿಗೆ ಹುಡುಗರು ಇಟ್ಟ ಹೆಸರು ಗಿರಮಿಟ್. ಚುರುಮುರಿಗೆ ಈರುಳ್ಳಿ, ಹುಣಸೆ ನೀರು ಬೆರೆಸಿ ಸಂಜೆ ತಿನ್ನುವ ಗಿರಮಿಟ್. ಆ ಹೆಸರು ಕೇಳಿ ಅವನೂ ನಕ್ಕಿದ್ದ. ಆದರೆ ಪ್ರಾಚಾರ್ಯ ಗುರುಬಸವ ಅವರು ಆಟಕ್ಕೆ ಮೊದಲು ಮೈಕ್ ಹಿಡಿದು, "ನಮ್ಮ ಗಿರಮಿಟ್ ಒಂದು ಕುದರಿ ಕಡಿಮಿ ಇಟ್ಕೊಂಡು ಆಡ್ತೈತ್ರಿ. ಯಾಕ ಅಂದ್ರ, ಪೂರಾ ಸೈನ್ಯಾ ಕೊಟ್ರ ನಮ್ಮ ಯಲ್ಲೇಶ ಸರ್‌ಗೆ ಅನ್ಯಾಯ ಆಗ್ತೈತಿ ಅಂತ ಪೂನಮ್ ಮೇಡಂ ಅಂದ್ರು," ಎಂದಾಗ ಸಭೆ ನಕ್ಕ ನಗೆಗೆ ಅವನ ಮುಖ ಬಿಸಿಯಾಯಿತು. ಮಾತು ಸುಳ್ಳಲ್ಲ. ಜಗತ್ತಿನ ಯಾವ ಗ್ರ್ಯಾಂಡ್‌ಮಾಸ್ಟರೂ ಈಗ ಇವುಗಳ ಮುಂದೆ ಸರಿಸಮ ಕೂರಲಾರ, ಅಂಗಿಯ ಕಿಸೆಯೊಳಗಿನ ಫೋನೇ ಅವನನ್ನು ಸೋಲಿಸುತ್ತದೆ. ಇದು ಅವನಿಗೆ ಗೊತ್ತು, ಗೊತ್ತಿದ್ದೇ ಒಪ್ಪಿಕೊಂಡು ಬಂದಿದ್ದಾನೆ. ಆದರೂ ಸ್ವಂತ ಊರಿನ ಜನರ ಎದುರು, ಮಕ್ಕಳಿಗೆ ಬಿಟ್ಟುಕೊಡುವ ಹಾಗೆ ತನಗೊಂದು ಕುದುರೆ ಬಿಟ್ಟುಕೊಟ್ಟ ಆಟ. ಸೋತರೆ ಮುಖ ತೋರಿಸುವ ಹಾಗಿಲ್ಲ, ಗೆದ್ದರೆ ಅದೇನು ಮಹಾ. ಗನಿ ಕಾಕಾ ಮೊದಮೊದಲು ತನ್ನ ಆನೆಯನ್ನೇ ತೆಗೆದಿಟ್ಟು ಆಡುತ್ತಿದ್ದ. "ಈ ಆನಿ ಇಲ್ಲೆ ಮಕ್ಕೊಂಡಿರ್ಲಿ. ನೀ ಶಾಣ್ಯಾ ಆದಂಗ ಎಬ್ಬಸ್ತೇನಿ," ಎಂದು ಅದನ್ನು ಹತ್ತಿಯ ಮೇಲೆ ಮಲಗಿಸುತ್ತಿದ್ದ. ಆನೆ ಎಚ್ಚರವಾಗಲು ಎರಡು ವರ್ಷ ಬೇಕಾಯಿತು. ಎದ್ದ ದಿನ ಕಾಕಾನ ಹೆಂಡತಿ ತಾಜಬಿ ಕಾಕಿ ಶಿರಾ ಮಾಡಿದ್ದಳು. ತಾಜಬಿ ಕಾಕಿ ತೀರಿಹೋಗಿ ಎರಡು ವರ್ಷವಾಯಿತು. ಸುದ್ದಿ ಬಂದ ದಿನ ಅವನು ಇದೇ ಊರಿನ ಕೇಶ್ವಾಪುರದ ತನ್ನ ಮನೆಯಲ್ಲೇ ಇದ್ದ, ನಾಳೆ ಹೋದರಾಯಿತು ಎಂದುಕೊಂಡ, ನಾಳೆ ಇನ್ನೊಂದು ನಾಳೆಯಾಯಿತು, ಆಮೇಲೆ ಇಷ್ಟು ತಡವಾಗಿ ಹೋಗುವುದು ಹೇಗೆ ಎಂಬ ನೆಪ ಸಿಕ್ಕಿತು. "ಸರ್, ನಿಮ್ಮ ನಡಿ," ಎಂದರು ಪೂನಮ್ ಮೇಡಂ.

ಅವನು ಒಂಟೆಯನ್ನು ಸರಿಸಿದ. ಒಂದು ಕುದುರೆ ಹೆಚ್ಚಿಗಿದ್ದವನು ಮಾಡಬೇಕಾದದ್ದು ಸುಲಭ: ಕಾಯಿಗಳನ್ನು ಹೊಡೆದಾಡಿಸಿ ಹಲಗೆ ಖಾಲಿ ಮಾಡುತ್ತ ಹೋಗುವುದು. ಗಿರಮಿಟ್ ಅದಕ್ಕೆ ಆಸ್ಪದವನ್ನೇ ಕೊಡುತ್ತಿರಲಿಲ್ಲ. ಅದು ಇವನ ಕಾಯಿಗಳನ್ನು ಮುಟ್ಟದೆ, ಪಕ್ಕದಲ್ಲಿ ಸುಳಿದು, ಜಾಗ ಇಕ್ಕಟ್ಟು ಮಾಡುತ್ತ ಬಂತು. ಗನಿ ಕಾಕಾ ಕಲಿಸಿದ್ದು ಇಲ್ಲಿಯ ಹಳೆಯ ಆಟವನ್ನು. ಅದರಲ್ಲಿ ಕಾಲಾಳು ಯಾವಾಗಲೂ ಒಂದೇ ಹೆಜ್ಜೆ. ರಾಜ ಆನೆಯ ಜೊತೆ ಸೇರಿ ಮೂಲೆಗೆ ಹೋಗಿ ಬಚ್ಚಿಟ್ಟುಕೊಳ್ಳುವ ಕಟ್ಟಳೆ ಇಲ್ಲ. ಅದರ ಬದಲು ರಾಜನಿಗೆ ಜನ್ಮದಲ್ಲಿ ಒಂದು ಸಲ ಕುದುರೆಯ ಹಾಗೆ ಜಿಗಿಯುವ ಹಕ್ಕು. ಆದರೆ ಅಲ್ಲಿಯವರೆಗೆ ಅವನಿಗೆ ಒಂದು ಶಹವೂ, ಚೆಸ್ಸಿನವರು ಚೆಕ್ ಎನ್ನುವುದು, ಬಿದ್ದಿರಬಾರದು. "ಮೈಮ್ಯಾಲ ಏಟು ಬೀಳೂಕಿಂತ ಮೊದ್ಲ ಜಿಗದ್ರ ಅರಸ. ಬಿದ್ದಮ್ಯಾಲ ಅವ ಬರೇ ಮನಷ್ಯಾ," ಎನ್ನುತ್ತಿದ್ದ ಕಾಕಾ. ಆಟದ ಪುಸ್ತಕಗಳಲ್ಲಿರುವ ನಿಯಮ ಬೇರೆ ಎಂಬುದು ಕಾಕಾನಿಗೂ ಗೊತ್ತಿರಲಿಲ್ಲ, ಯಲ್ಲೇಶನಿಗೂ ಗೊತ್ತಿರಲಿಲ್ಲ. ಹನ್ನೆರಡು ವರ್ಷದ ಶಿಷ್ಯನನ್ನು ಕರೆದುಕೊಂಡು ಕಾಕಾ ಧಾರವಾಡದ ಒಂದು ಸಾಲೆಯಲ್ಲಿ ನಡೆದ ಪಂದ್ಯಕ್ಕೆ ಹೋದ. ಮೊದಲ ಸುತ್ತಿನಲ್ಲೇ ಯಲ್ಲೇಶ ತನ್ನ ರಾಜನನ್ನು ಎತ್ತಿ ಜಿಗಿಸಿದ. ಎದುರಿನ ಹುಡುಗ ಕೈ ಎತ್ತಿದ. ಪಂಚರಾಗಿದ್ದ ಮಾಸ್ತರರು ಬಂದು ನೋಡಿ ನಕ್ಕರು, ಸುತ್ತಲಿನ ಹತ್ತು ಹಲಗೆಗಳ ಹುಡುಗರು ಆಟ ಬಿಟ್ಟು ನೋಡಿ ನಕ್ಕರು. "ಯಾರ್ ಕಲಸ್ಯಾರೋ ತಮ್ಮಾ ನಿನಗ ಈ ಆಟಾ?" ಬಾಗಿಲಲ್ಲಿ ಗನಿ ಕಾಕಾ ಊಟದ ಡಬ್ಬಿ ಹಿಡಿದು ನಿಂತಿದ್ದ, ಕೇಳಿಸುವಷ್ಟು ಹತ್ತಿರ. "ಯಾರೂ ಕಲಸಿಲ್ರಿ ಸರ್. ನಾನ ಮಾಡಿದೆ," ಎಂದ ಯಲ್ಲೇಶ.

ಹುಬ್ಬಳ್ಳಿಗೆ ವಾಪಸು ಬರುವ ಬಸ್ಸಿನಲ್ಲಿ ಕಾಕಾ ಡಬ್ಬಿ ಬಿಚ್ಚಿ ಅವನಿಗೆ ಚಪಾತಿ ಕೊಟ್ಟ. ಹದಿನೈದು ದಿನ ಅಂಗಡಿಯಲ್ಲಿ ಹಲಗೆ ಬಿಚ್ಚಲಿಲ್ಲ. ಸಿಟ್ಟಾಗಿದ್ದಾನೆ ಎಂದು ಯಲ್ಲೇಶ ಹೆದರಿದ್ದ. ಹದಿನಾರನೆಯ ದಿನ ಕಾಕಾ ಒಂದು ನೋಟುಬುಕ್ಕು ತೆಗೆದ. ಎಲ್ಲಿಂದಲೋ ಇಂಗ್ಲಿಷಿನ ನಿಯಮದ ಪುಸ್ತಕ ತಂದು, ಯಾವುದೋ ಮಾಸ್ತರರ ಕೈಕಾಲು ಹಿಡಿದು ಓದಿಸಿ, ಅದನ್ನೆಲ್ಲ ಕನ್ನಡದಲ್ಲಿ ಬರೆದುಕೊಂಡಿದ್ದ. "ಇವತ್ತಿಂದ ನಮ್ಮ ಆಟ ಬಂದ್. ಅವರ ಆಟ ಸುರು," ಎಂದ. ಐವತ್ತರ ಹತ್ತಿರದ ಮನುಷ್ಯ, ಮೂವತ್ತು ವರ್ಷ ಆಡಿದ್ದನ್ನು ಮರೆಯಲು ಕೂತ. ಮರೆಯಲು ಆಗುತ್ತಿರಲಿಲ್ಲ. ಆಟದ ನಡುವೆ ಅವನ ಕೈ ರಾಜನನ್ನು ಎತ್ತಿ ಜಿಗಿಸಲು ಹೋಗುತ್ತಿತ್ತು, ಎಡಗೈಯಿಂದ ಬಲಗೈಗೆ ಫಟ್ಟನೆ ಹೊಡೆದುಕೊಂಡು ಹಿಂದಕ್ಕೆ ಇಡುತ್ತಿದ್ದ. ಯಲ್ಲೇಶ ಆಗ ನಗುತ್ತಿದ್ದ. ಈಗ ನೆನೆಸಿಕೊಂಡರೆ ಮೈ ಚುಳ್ ಎನ್ನುತ್ತದೆ. ಮೊದಲ ಸಲ ಪೇಪರಿನವರು ಮನೆಗೆ ಬಂದಾಗ ಅಪ್ಪ ಗಂಗಪ್ಪ ಅವನನ್ನು ಒಳಗೆ ಕರೆದಿದ್ದ. ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಪ್ಪ, ಮನೆತನದಲ್ಲೇ ಮೊದಲು ಸಾಲೆ ಕಲಿತವನು, ಗೋಡೆಯ ಮೇಲೆ ಬುದ್ಧನ ಪಟ ಹಾಕಿದವನು. "ನೋಡಪಾ, ನಾವು ಸಾಲಿ ಕಲ್ತು ಮ್ಯಾಲ ಬಂದ ಮಂದಿ. ಗಾದಿ ಅಂಗಡ್ಯಾಗ ಕುಂತು ಕಲ್ತೆ ಅಂತ ಹೇಳಬ್ಯಾಡ. ಪುಸ್ತಕಾ ಓದಿ ಕಲ್ತೆ ಅನ್ನು. ಮಂದಿ ನಮ್ಮನ್ನ ಮತ್ತ ಬೀದಿಗೇ ತಂದು ಕುಂದ್ರಸ್ತಾರ." ಎಲ್ಲವನ್ನೂ ಅಪ್ಪನ ಮೇಲೆ ಹೊರಿಸಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅಪ್ಪ ತೀರಿಕೊಂಡು ಒಂಬತ್ತು ವರ್ಷ. ಆಮೇಲೆ ಹೇಳಿದ ಗ್ರಂಥಾಲಯಗಳೆಲ್ಲ ಅವನ ಸ್ವಂತದವು.

ಇಪ್ಪತ್ತಮೂರನೆಯ ನಡೆಗೆ ಬಂದಾಗ ಅವನ ಗಡಿಯಾರದಲ್ಲಿ ಎರಡು ನಿಮಿಷ ಉಳಿದಿತ್ತು, ಗಿರಮಿಟ್‌ನ ಗಡಿಯಾರದಲ್ಲಿ ಇಪ್ಪತ್ತೊಂಬತ್ತು. ರಾಜ ಇನ್ನೂ ಹುಟ್ಟಿದ ಮನೆಯಲ್ಲೇ ನಿಂತಿದ್ದ, ನಡುಹಲಗೆಯಲ್ಲಿ, ಬಯಲಿನಲ್ಲಿ. ಇಷ್ಟೊತ್ತಿಗೆ ಅವನನ್ನು ಮೂಲೆಗೆ ಸೇರಿಸಬೇಕಿತ್ತು, ಮುದುಕನ ಟೊಪ್ಪಿಗೆ ನೋಡುತ್ತ ಕೂತು ಕೆಲಸ ಕೆಟ್ಟಿತ್ತು. ಎದುರಿನ ಆನೆ ರಾಜನ ಪಕ್ಕದ ಸಾಲಿಗೆ ಬಂದಿತ್ತು, ಮಂತ್ರಿ ಅದರ ಹಿಂದೆ. ಮುಂದಿನ ನಡೆಗೆ ಶಹ, ಅದರ ಮುಂದಿನದಕ್ಕೆ ಏನಾಗುತ್ತದೆ ಎಂದು ಕೊನೆಯ ಸಾಲಿನಲ್ಲಿ ಕೂತವನಿಗೂ ಗೊತ್ತು. ತನ್ನ ಆನೆಯನ್ನು ಅಡ್ಡ ತಂದರೆ ತಡೆಯಬಹುದು ಎಂದು ತಲೆಯ ಒಂದು ಭಾಗ ಹೇಳಿತು. ಆ ಹೊತ್ತಿಗೆ ಗನಿ ಕಾಕಾ ಕೂತಲ್ಲೇ ಮುಂದಕ್ಕೆ ಬಾಗಿ, ಮೊಣಕಾಲ ಮೇಲೆ ಕೈಯೂರಿ, ಪರದೆಯನ್ನು ನೋಡುತ್ತಿದ್ದ. ಥೇಟ್ ಅಂಗಡಿಯಲ್ಲಿ ಕೂರುತ್ತಿದ್ದ ಹಾಗೆ. ಯಲ್ಲೇಶನ ಕೈ ಹೋಯಿತು. ತಲೆಯನ್ನು ಕೇಳದೆ ಹೋಯಿತು. ರಾಜನನ್ನು ಎತ್ತಿ, ಎರಡು ಮನೆ ಬಲಕ್ಕೆ, ಒಂದು ಮನೆ ಮುಂದಕ್ಕೆ ಹಾರಿಸಿ ಇಟ್ಟು, ಗಡಿಯಾರ ಒತ್ತಿತು. ಒತ್ತುವಾಗ ಅವನಿಗೆ ಎಂಥ ನೆಮ್ಮದಿ ಎಂದರೆ, ಬಹಳ ದಿನದ ಮೇಲೆ ಮನೆಗೆ ಬಂದು ಚಪ್ಪಲಿ ಬಿಟ್ಟ ಹಾಗಿತ್ತು. ಆ ತಪ್ಪಿನಲ್ಲೂ ಒಂದು ಕಟ್ಟಳೆ ಇತ್ತು: ಅಲ್ಲಿಯವರೆಗೆ ರಾಜನಿಗೆ ಒಂದು ಶಹವೂ ಬಿದ್ದಿರಲಿಲ್ಲ.

ಪೂನಮ್ ಮೇಡಂ ಆ ನಡೆಯನ್ನು ಒತ್ತಿದರು. ಲ್ಯಾಪ್‌ಟಾಪು ಕುಂಯ್ ಎಂದಿತು. ಮತ್ತೊಮ್ಮೆ ಒತ್ತಿದರು, ಮತ್ತೆ ಕುಂಯ್ ಎಂದಿತು. ದೊಡ್ಡ ಪರದೆಯ ಮೇಲೆ ರಾಜ ನಿಂತ ಮನೆ ಕೆಂಪಾಗಿ, ಕೆಳಗೆ 'ಈ ನಡೆ ನಿಯಮದಲ್ಲಿಲ್ಲ' ಎಂಬ ಅಕ್ಷರ ಮೂಡಿತು. ಕನ್ನಡದಲ್ಲೇ ಮೂಡಿತು, ಹುಡುಗರು ಅಷ್ಟು ಅಕ್ಕರೆಯಿಂದ ಮಾಡಿದ್ದರು. "ಸರ್, ಇದನ್ನ ತಗೊಳ್ಳವಲ್ದು," ಎಂದರು ಮೇಡಂ ಮೆತ್ತಗೆ, ತಪ್ಪು ತಮ್ಮ ಯಂತ್ರದ್ದೇ ಇರಬೇಕು ಎಂಬ ದನಿಯಲ್ಲಿ. ಅವನು ಹಲಗೆ ನೋಡಿದ. ಮೊದಲು ಹಿಂದಿನ ಸಾಲಿನ ಹುಡುಗರು ನಕ್ಕರು, ಆಮೇಲೆ ಅರ್ಥವಾಗದವರೂ ನಕ್ಕರು. ಗ್ರ್ಯಾಂಡ್‌ಮಾಸ್ಟರ್ ಒಬ್ಬ, ಆಟ ಕಲಿತು ಎರಡೇ ದಿನವಾದ ಮಗುವೂ ಮಾಡದ ನಡೆ ಮಾಡಿದ್ದ. ಗುರುಬಸವ ಅವರು ಮೈಕಿಗೆ ಓಡಿದರು. ಸಭೆಯ ಮರ್ಯಾದೆ ಉಳಿಸುವುದರಲ್ಲಿ ಪಳಗಿದ ಮನುಷ್ಯ. "ನೋಡ್ರಿ, ನೋಡ್ರಿ! ನಮ್ಮ ಯಲ್ಲೇಶ ಸರ್ ಮಷೀನ್‌ನ ಪರೀಕ್ಷಾ ಮಾಡ್ಯಾರ! ಕಳ್ಳ ನಡಿ ಮಾಡಿದ್ರ ಹಿಡಿತೈತೋ ಇಲ್ಲೋ ಅಂತ! ಗಿರಮಿಟ್ ಪಾಸ್ ಆತು ನೋಡ್ರಿ!" ಚಪ್ಪಾಳೆ ಬಿತ್ತು. ಎಲ್ಲರೂ ಅವನ ಕಡೆ ನೋಡಿದರು. ಯಲ್ಲೇಶ ತಲೆಯಾಡಿಸಿದ. ಬರೀ ತಲೆಯಾಡಿಸಿದ್ದಲ್ಲ, ಕಿಡಿಗೇಡಿ ಕೆಲಸ ಮಾಡಿ ಸಿಕ್ಕಿಬಿದ್ದವನ ಹಾಗೆ ಒಂದು ನಗೆಯನ್ನೂ ನಕ್ಕ. ಕಳ್ಳ ನಡೆ. ಗನಿ ಕಾಕಾನ ಕಡೆ ನೋಡಲು ಅವನಿಗೆ ಧೈರ್ಯವಾಗಲಿಲ್ಲ.

"ಬ್ಯಾರೆ ನಡಿ ಮಾಡ್ರಿ ಸರ್, ನಡಿತೈತಿ," ಎಂದರು ಪೂನಮ್ ಮೇಡಂ. ನಡೆಯುವುದಿಲ್ಲ. ಮುಟ್ಟಿದ ಕಾಯಿಯನ್ನೇ ನಡೆಸಬೇಕು, ಇದು ಈ ಆಟದಲ್ಲೂ ಇದೆ, ಆ ಆಟದಲ್ಲೂ ಇತ್ತು. ರಾಜನನ್ನು ಮುಟ್ಟಿದ್ದರಿಂದ ರಾಜನನ್ನೇ ಒಂದು ಮನೆ ಪಕ್ಕಕ್ಕೆ ಸರಿಸಬೇಕು. ಸರಿಸಿದರೆ ಐದು ನಡೆಯಲ್ಲಿ ಸೋಲು. ಪಂದ್ಯದಲ್ಲಾಗಿದ್ದರೆ ಪಂಚರು ಬಿಡುತ್ತಿರಲಿಲ್ಲ. ಇಲ್ಲಿ ಪಂಚರಿಲ್ಲ, ಲ್ಯಾಪ್‌ಟಾಪಿಗೆ ಬೆರಳು ಮುಟ್ಟಿದ್ದು ತಿಳಿಯುವುದಿಲ್ಲ, ಮೇಡಂಗೆ ಪ್ರೋಗ್ರಾಮು ಗೊತ್ತು, ಹಲಗೆಯ ಶಿಸ್ತು ಗೊತ್ತಿಲ್ಲ. "ಮುಟ್ಯಾರಲ್ಲೋ," ಎಂದು ಯಾರೋ ಹಿಂದೆ ಗೊಣಗಿದ್ದು ಕೇಳಿಸಿತು, ಯಾರೋ ಅವನನ್ನು ಸುಮ್ಮನಿರಿಸಿದ್ದೂ ಕೇಳಿಸಿತು. ಯಲ್ಲೇಶ ರಾಜನನ್ನು ಹಳೆಯ ಮನೆಗೆ ಇಟ್ಟು, ಆನೆಯನ್ನು ಅಡ್ಡ ತಂದ. ಲ್ಯಾಪ್‌ಟಾಪು ಸುಮ್ಮನೆ ಒಪ್ಪಿಕೊಂಡಿತು. ಅಲ್ಲಿಂದ ಮುಂದೆ ಅವನು ಚೆನ್ನಾಗಿ ಆಡಿದ. ಪ್ರತಿ ನಡೆಗೆ ಸಿಗುವ ಹತ್ತು ಸೆಕೆಂಡಿನಲ್ಲೇ, ತಾನೆಂದೂ ಆಡದಷ್ಟು ಚೆನ್ನಾಗಿ. ಕಾಯಿಗಳು ಒಂದಕ್ಕೊಂದು ಹೊಡೆದುಕೊಂಡು ಹೋದವು, ಕೊನೆಗೆ ಬಿಟ್ಟುಕೊಟ್ಟಿದ್ದ ಆ ಕುದುರೆಯೇ ಲೆಕ್ಕಕ್ಕೆ ಬಂತು. ಐವತ್ತೆರಡನೆಯ ನಡೆಗೆ ಗಿರಮಿಟ್ ಸೋಲೊಪ್ಪಿತು. ಸಭೆ ಎದ್ದು ನಿಂತಿತು. ಹುಬ್ಬಳ್ಳಿಯ ಮಗ ಮಷೀನನ್ನು ಸೋಲಿಸಿದ ಎಂದು ಗುರುಬಸವ ಅವರು ಎರಡು ಸಲ ಹೇಳಿದರು, ಶಾಲು ಹೊದಿಸಿದರು. ಅಷ್ಟು ಜನ ನಿಂತವರ ನಡುವೆ ಗನಿ ಕಾಕಾ ಒಬ್ಬನೇ ಕೂತಿದ್ದ. ಚಪ್ಪಾಳೆ ತಟ್ಟುತ್ತಿರಲಿಲ್ಲ. ತುಟಿ ಸಣ್ಣಗೆ ಅಲ್ಲಾಡುತ್ತಿತ್ತು, ಯಾವುದೋ ನಡೆಯನ್ನು ತನ್ನೊಳಗೇ ಮತ್ತೆ ಆಡುತ್ತಿದ್ದ.

ಪ್ರಶ್ನೋತ್ತರದಲ್ಲಿ ಅದೃಷ್ಟಕ್ಕೆ ಆ ಪ್ರಶ್ನೆ ಬರಲೇ ಇಲ್ಲ. ಹುಡುಗರು ಯಂತ್ರದ ಬಗ್ಗೆ ಕೇಳಿದರು, ದಿನಕ್ಕೆ ಎಷ್ಟು ತಾಸು ಅಭ್ಯಾಸ ಎಂದು ಕೇಳಿದರು. ಮುಗಿಯಿತು ಎಂದುಕೊಂಡು ಅವನು ಶಾಲು ಮಡಚುತ್ತಿದ್ದಾಗ ಮುದುಕ ವೇದಿಕೆಯ ಮೆಟ್ಟಿಲು ಹತ್ತಿ ಬಂದ. ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಳ್ಳುತ್ತ ಬಂದ. ಓಡಿ ಹೋಗಿ ಕೈ ಹಿಡಿಯಬೇಕಿತ್ತು. ಶಾಲಿನ ಮಡಿಕೆ ಸರಿಯಾಗಿಲ್ಲ ಎಂಬಂತೆ ಯಲ್ಲೇಶ ಅದನ್ನು ಮತ್ತೆ ಬಿಚ್ಚಿ ಮಡಚಿದ. "ಆರಾಮ್ ಅದೀರೇನ್ರಿ ಸಾಹೇಬ್ರ?" ಎಂದ ಗನಿ ಕಾಕಾ. ಲೇ ಯಲ್ಲ್ಯಾ ಎಂದು ಕರೆಯುತ್ತಿದ್ದ ಬಾಯಿ. ಅಂಗಡಿ ಮುಚ್ಚಿದೆನೆಂದೂ, ಈಗ ಗಬ್ಬೂರಿನಲ್ಲಿ ಮಗಳ ಮನೆಯಲ್ಲಿ ಇರುವೆನೆಂದೂ, ಪೇಪರಿನಲ್ಲಿ ಓದಿ ಎರಡು ಬಸ್ಸು ಬದಲಿಸಿ ಬಂದೆನೆಂದೂ ಹೇಳಿದ. "ಪೇಪರ್‌ನಾಗ ನಿಮ್ಮದು ಏನ ಬಂದ್ರೂ ಓದ್ತೇನ್ರಿ. ಒಂದೂ ಬಿಟ್ಟಿಲ್ಲ." ಯಲ್ಲೇಶನಿಗೆ ನೆಲ ಬಿರಿಯಬಾರದೇ ಎನಿಸಿತು. ಒಂದೂ ಬಿಟ್ಟಿಲ್ಲ. ಎಲ್ಲ ಗ್ರಂಥಾಲಯಗಳನ್ನೂ ಓದಿದ್ದಾನೆ.

ಅಷ್ಟರಲ್ಲಿ ಯೂಟ್ಯೂಬ್ ಚಾನೆಲ್ಲಿನ ಹುಡುಗಿಯೊಬ್ಬಳು ಫೋನು ಎತ್ತಿ ಹಿಡಿದು ನಡುವೆ ನುಗ್ಗಿದಳು. "ಅಜ್ಜಾರ, ನಿಮಗ ಸರ್ ಪರಿಚಯ ಅದಾರನ್ರಿ? ಹೆಂಗ ಪರಿಚಯ?" ಗನಿ ಕಾಕಾ ಯಲ್ಲೇಶನ ಕಡೆ ನೋಡಿದ. ಕೇಳಿದ್ದು ಮುದುಕನನ್ನಾದರೂ ನಡೆ ತನ್ನದು, ಇದು ಯಲ್ಲೇಶನಿಗೆ ಗೊತ್ತಿತ್ತು, ಮುದುಕನಿಗೂ ಗೊತ್ತಿತ್ತು. ಇವರೇ ನನ್ನ ಗುರು. ಮೂರು ಮಾತು. ಆ ಮಾತು ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ, ಗ್ರಂಥಾಲಯ ಎಲ್ಲಿ ಹೋಯಿತು ಎಂದು ಕೇಳುತ್ತಾರೆ, ಆ ಜಿಗಿತ ಎಲ್ಲಿಂದ ಬಂತು ಎಂದೂ ಯಾರಾದರೂ ಕೇಳುತ್ತಾರೆ. ಅವನು ಇದನ್ನೆಲ್ಲ ಯೋಚಿಸುತ್ತಿರುವುದನ್ನು ಮುದುಕ ನೋಡುತ್ತ ನಿಂತ. ಹುಡುಗನ ಕೈ ಯಾವ ಕಾಯಿಯ ಮೇಲೆ ಅಳುಕುತ್ತಿದೆ ಎಂದು ನೋಡಿ ತಿಳಿದುಕೊಂಡ ಕಣ್ಣು ಅದು, ಅದಕ್ಕೆ ಬಹಳ ಹೊತ್ತು ಬೇಕಾಗಲಿಲ್ಲ. "ಪರಿಚಯ ಅಂದ್ರ ಏನವಾ," ಎಂದ ನಗುತ್ತ ಹುಡುಗಿಗೆ. "ಇವರ ಮನಿಗೆ ಗಾದಿ ತುಂಬಿ ಕೊಡ್ತಿದ್ದೆ. ಸಣ್ಣಾವರಿದ್ದಾಗ ಅಂಗಡಿ ಮುಂದ ಆಡಾಕ ಬರ್ತಿದ್ರು. ನಮಗೇನ್ ತಿಳಿತೈತಿ ಈ ಆಟಾ-ಗೀಟಾ." ಹುಡುಗಿ ಫೋನನ್ನು ಯಲ್ಲೇಶನ ಕಡೆ ತಿರುಗಿಸಿದಳು. "ಹೌದನ್ರಿ ಸರ್?"

"ಹೌದು," ಎಂದ ಯಲ್ಲೇಶ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಫೋನು ಇನ್ನೂ ಅವನ ಮುಖದ ಮುಂದೆ ಇತ್ತು. "ಗಾದಿ ಭಾಳ ಛಲೋ ತುಂಬ್ತಿದ್ರು."

ಹುಡುಗಿ ನಕ್ಕು ಪೂನಮ್ ಮೇಡಂ ಕಡೆ ಹೋದಳು. ಮುದುಕನ ಮುಖದಲ್ಲಿ ಸಮಾಧಾನ ಕಾಣಿಸಿತು, ಗಂಡಾಂತರದಲ್ಲಿದ್ದ ಹುಡುಗ ಹೇಗೋ ಪಾರಾದ ಎಂಬಂಥ ಸಮಾಧಾನ. ಅದನ್ನು ನೋಡಲಾಗದೆ ಯಲ್ಲೇಶ ಕೆಳಗೆ ನೋಡಿದ. ಈಗ ಬೈಯಲಿ, ಈಗಲಾದರೂ ಒಂದು ಮಾತು ಅನ್ನಲಿ, ಮುಟ್ಟಿದ ರಾಜನನ್ನು ಯಾಕೆ ಹಿಂದಕ್ಕಿಟ್ಟೆ ಎಂದಾದರೂ ಕೇಳಲಿ ಎಂದು ಅವನು ಕಾದ. ಗನಿ ಕಾಕಾ ಒಂದು ಹೆಜ್ಜೆ ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ ದನಿ ತಗ್ಗಿಸಿ ಹೇಳಿದ, "ಅಷ್ಟು ಮಂದಿ ನಿಮಗ ನಕ್ರಲ್ರಿ, ನನಗ ಭಾಳ ಕೆಟ್ಟ ಅನಿಸ್ತು. ತಪ್ಪು ನಂದ ಐತಿ. ನಾ ಆವಾಗ ಅದನ್ನ ನಿಮಗ ಕಲಸಬಾರದಿತ್ತು. ಕೈಯಾಗ ಉಳದಬಿಟ್ಟೈತಿ. ಮಾಫ್ ಮಾಡ್ರಿ." ಹೇಳುವಾಗ ಎರಡೂ ಕೈ ಮುಗಿದಿದ್ದ.

ವೇದಿಕೆಯ ಆ ತುದಿಯಿಂದ ಗುರುಬಸವ ಅವರು ಫೋಟೋಕ್ಕೆ ಕರೆಯುತ್ತಿದ್ದರು, ಎಲ್ಲರೂ ಅವನಿಗಾಗಿ ಸಾಲಾಗಿ ನಿಂತಿದ್ದರು.

"ಇರ್ಲಿ ಬಿಡ್ರಿ," ಎಂದ ಯಲ್ಲೇಶ. ಹಾಗೆಂದು, ಮುದುಕನ ಭುಜವನ್ನು ಮೆಲ್ಲಗೆ ತಟ್ಟಿದ ಕೂಡ.